ಹೆಸರು ಹೇಳಬಾರದ ಪುಡಿ

ನೋವು ಮೊದಲು ಬಂದದ್ದು ಎಡಗಾಲಿಗೋ ಬಲಗಾಲಿಗೋ, ಈಗ ಖಚಿತವಾಗಿ ಹೇಳಲಾರೆ. ದಿನಚರಿಯಲ್ಲಿ 'ಕಾಲು ನೋವು' ಎಂದಷ್ಟೇ ಇದೆ. ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದೆ. ಹೋದ ವರ್ಷ, ಎಂಬತ್ತೈದರ ಬೇಸಿಗೆ. ನನಗೆ ಐವತ್ತೊಂದು.

ಅದಕ್ಕೂ ಎರಡು ತಿಂಗಳ ಹಿಂದೆ ಬ್ಲಡ್ ಟೆಸ್ಟ್‌ನಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದೆಯೆಂದು ತಿಳಿದಿತ್ತು. ಕೌಲ್ ಬಜಾರಿನ ನಮ್ಮ ಡಾಕ್ಟರು ಅದನ್ನು ಇಳಿಸುವ ಮಾತ್ರೆ ಬರೆದುಕೊಟ್ಟು, ಎಣ್ಣೆ ತಿಂಡಿ ಬಿಡಿಸಿದ್ದರು. ಬಳ್ಳಾರಿಯಲ್ಲಿದ್ದುಕೊಂಡು ಮಿರ್ಚಿ ಬಿಡುವುದು ನನಗೆ ಕಾಯಿಲೆಗಿಂತ ದೊಡ್ಡ ಸುದ್ದಿಯಾಗಿತ್ತು.

ಆ ಸುದ್ದಿ ಕುರುಗೋಡಿನ ಅಕ್ಕನಿಗೆ ಮುಟ್ಟಿತು. ಅವಳು ಸಿರುಗುಪ್ಪದಲ್ಲಿ ನಾಟಿ ಮದ್ದು ಕೊಡುವ ಅಜ್ಜರೊಬ್ಬರ ಹತ್ತಿರ ಹೋಗಿ, ಕೊಬ್ಬು ಕರಗಿಸುತ್ತದೆಂಬ ಪುಡಿಯೊಂದನ್ನು ಡಬ್ಬಿ ತುಂಬಾ ತಂದಳು.

"ದಿನಾ ಮುಂಜಾನಿ ಒಂದು ಚಮಚ, ಬಿಸಿನೀರಾಗ. ಯಾರ ಮುಂದೂ ಬಾಯಿ ಬಿಡಬ್ಯಾಡ. ಮದ್ದಿನ ಹೆಸರು ಹೇಳಿದ್ರ ಅದರ ಗುಣ ಹೋಗತೈತಿ."

"ಅಕ್ಕಾ, ನಾನು ಎಂ.ಎ. ಓದಿದಾಂವ."

"ಓದಿದ ಬಾಯಿನೂ ಮುಚ್ಚಾಕ ಬರತೈತಿ. ಕುಡಿ."

ಕುಡಿದೆ. ನಂಬಲಿಲ್ಲ, ಆದರೆ ಯಾರಿಗೂ ಹೇಳಲೂ ಇಲ್ಲ. ಮಾತ್ರೆ ನುಂಗಿದ ಹೊತ್ತನ್ನು ತಪ್ಪದೆ ಬರೆದಿಟ್ಟ ನಾನು ಪುಡಿಯ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಅದು ಔಷಧವೇ ಅಲ್ಲ, ಅಕ್ಕನ ಅಕ್ಕರೆ ಎಂದುಕೊಂಡೆನೇ? ಅಥವಾ ಹೇಳಿದರೆ ಗುಣ ಹೋದೀತೆಂಬ ಅಂಜಿಕೆ ನನ್ನೊಳಗೂ ಇತ್ತೇ? ಇವತ್ತಿಗೂ ಗೊತ್ತಿಲ್ಲ.

ನೋವು ಎರಡೂ ಕಾಲಿಗೆ ಹಬ್ಬಿತು. ಕುಳಿತರೆ ಏಳಲು ಗೋಡೆ ಬೇಕು. ಮಾತ್ರೆಯಿಂದಲೂ ಹೀಗೆ ಕಾಲು ನೋಯಬಹುದೆಂದು ಡಾಕ್ಟರು ಅದನ್ನು ಅರ್ಧಕ್ಕೆ ಇಳಿಸಿದರು. ನೋವು ಇಳಿಯಲಿಲ್ಲ.

"ಕಾಲಿನ ರಕ್ತನಾಳ ಕಟ್ಟೈತೇನೋ ನೋಡಬೇಕ್ರಿ ಮೇಷ್ಟ್ರೇ. ಬೆಂಗಳೂರಿಗೆ ಬರೆದುಕೊಡ್ತೀನಿ. ಬ್ಯಾರೆ ಏನಾರ ತಗೊಳ್ತೀರೇನು?"

"ಇಲ್ರಿ."

ಸುಳ್ಳು ಹೇಳಿದ್ದೆ.

ನಿಂತು ಪಾಠ ಹೇಳುವುದು ಬಿಟ್ಟು ನನಗೆ ಬೇರೆ ಕೆಲಸ ಬರದು. ಕಾಲು ಹೋದರೆ ಎಂಬ ಯೋಚನೆ ಗಾಂಧಿನಗರದ ಮನೆಯವರೆಗೂ ಆಟೋದಲ್ಲಿ ನನ್ನ ಪಕ್ಕದಲ್ಲೇ ಕುಳಿತಿತ್ತು.

ಭಾನುವಾರ ಅಕ್ಕ ಬಂದಳು. ನಾನು ಗೋಡೆ ಹಿಡಿದು ಏಳುವುದನ್ನು ನೋಡಿದಳು. ಡಾಕ್ಟರು ಕೇಳಿದ್ದನ್ನೂ ನಾನು ಮುಚ್ಚಿಟ್ಟದ್ದನ್ನೂ ಹೇಳಿದೆ.

"ಲೇ ತಮ್ಮ! ಊರ ಮಂದಿಗೆ ಹೇಳಬ್ಯಾಡ ಅಂದೆ. ಡಾಕ್ಟ್ರ ಹತ್ರಾನೂ ಬಾಯಿ ಮುಚ್ಚಿದೇನು? ನಡಿ, ನಾನೂ ಬರ್ತೀನಿ."

ಮಾರನೆಯ ದಿನ ಡಾಕ್ಟರ ಮುಂದೆ ಕುಳಿತ ಅಕ್ಕ ತುಟಿ ಬಿಚ್ಚಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು, ಅಷ್ಟೇ. ಅವಳಿಗೂ ಹೆಸರು ಹೇಳಲು ಧೈರ್ಯವಿಲ್ಲವೆಂದು ನನಗಾಗ ತಿಳಿಯಿತು. ಡಾಕ್ಟರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಡಬ್ಬಿ ಎತ್ತಿ ಮೂಸಿದರು.

"ಬೆಳ್ಳುಳ್ಳಿ?"

ಅಕ್ಕ ತಲೆಯಾಡಿಸಿದಳು.

"ಮೆಂತ್ಯ? ಗುಗ್ಗಳ?"

ಎರಡಕ್ಕೂ ಹೌದು.

"ಇನ್ನೇನೋ ಕಹಿ ಐತಲ್ಲ, ಅದೇನ್ರಿ?"

ಅಕ್ಕನಿಗೆ ತಡೆಯಲಾಗಲಿಲ್ಲ. "ಅದನ್ನ ಅಜ್ಜ ನನಗೂ ಹೇಳಿಲ್ರಿ!"

ಡಾಕ್ಟರು ನಕ್ಕರು. "ನಾನೊಂದು ಕೊಟ್ಟೀನಿ, ನೀವೊಂದು ಕೊಟ್ಟೀರಿ. ಹೊಟ್ಯಾಗ ಅವೆರಡೂ ಏನು ಮಾತಾಡಿಕೊಂಡಾವೋ ನಮ್ಮಿಬ್ಬರಿಗೂ ಗೊತ್ತಿಲ್ಲ. ಎರಡೂ ನಿಲ್ಲಿಸೋಣ. ಬೆಂಗಳೂರು ಆಮ್ಯಾಲೆ."

ಮತ್ತೆ ಬ್ಲಡ್ ಟೆಸ್ಟ್, ಯೂರಿನ್ ಟೆಸ್ಟ್. ಮೂರನೆಯ ವಾರಕ್ಕೆ ಗೋಡೆಯ ಸಹಾಯವಿಲ್ಲದೆ ಎದ್ದೆ. ಮೊದಲು ಗಮನಿಸಿದ್ದು ನನ್ನ ಹೆಂಡತಿ. ನಂತರ ಮಾತ್ರೆಯೊಂದನ್ನೇ ಮತ್ತೆ ಶುರು ಮಾಡಿದೆವು. ನೋವು ಮರಳಲಿಲ್ಲ. ಹಾಗಾದರೆ ತಪ್ಪು ಪುಡಿಯದೋ, ಎರಡೂ ಕೂಡಿದ್ದರದೋ? ಖಾತ್ರಿಯಾಗಿ ಹೇಳಲಾರೆ ಎಂದರು ಡಾಕ್ಟರು. ಅವರು ಹಾಗೆಂದದ್ದೇ ನನಗೆ ನಂಬಿಕೆ ಹುಟ್ಟಿಸಿತು. ಸಾರಿನ ಒಗ್ಗರಣೆಗೆ ಬೀಳುವಷ್ಟು ಬೆಳ್ಳುಳ್ಳಿಗೆ ಅಡ್ಡಿಯಿಲ್ಲ; ಚಮಚದಲ್ಲಿ ಅಳೆದು ಕುಡಿಯುವುದು ಏನೇ ಇದ್ದರೂ ಮೊದಲು ಅವರಿಗೆ ತೋರಿಸಬೇಕು. ಅಕ್ಕನೂ ಒಪ್ಪಿದ್ದಾಳೆ. ಅಜ್ಜರ ಮೇಲೆ ಅವಳಿಗೆ ಸಿಟ್ಟಿಲ್ಲ, ನನಗೂ ಇಲ್ಲ.

ಕೊಲೆಸ್ಟ್ರಾಲ್ ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯುತ್ತಿದೆ.

ಮೊನ್ನೆ ಡಾಕ್ಟರಿಗೆ ರಿಪೋರ್ಟ್ ತೋರಿಸಿ ಅಕ್ಕನೂ ನಾನೂ ಆಟೋ ಹತ್ತದೆ ನಡೆದೇ ಮನೆಗೆ ಹೊರಟೆವು. ಸ್ವಲ್ಪ ದೂರ ಬಂದಮೇಲೆ ಹಿಂದಿನಿಂದ ಕೂಗು ಕೇಳಿಸಿತು.

"ಲೇ, ನಿಂದ್ರಲೇ! ನಿನ್ನ ಸಮ ನಡ್ಯಾಕ ನನಗ ಯಾವ ಪುಡಿ ಕೊಡ್ತಿ?"

ನಿಂತೆ. ನನ್ನ ಕಾಲಿಗಾಗಿ ಅಲ್ಲ, ಅವಳ ಕಾಲಿಗಾಗಿ.