ರಿಮೆಂಬರಿಗೆ ಬರೀ ಗಂಟು

ಮೂಡಲಗಿಯ ನಮ್ಮ ಮನೆಯಲ್ಲಿ ಮಾಡಬೇಕಾದ ಕೆಲಸಗಳ ಯಾದಿ ಬರೆಯುವ ರೂಢಿ ಇರಲಿಲ್ಲ. ಅತ್ತೆಯ ಸೆರಗೇ ಯಾದಿ. ಎಮ್ಮೆಗೆ ಹಿಂಡಿ ತರುವುದಿದ್ದರೆ ಒಂದು ಗಂಟು, ಘೋಡಗೇರಿಗೆ ಕೊಟ್ಟ ನಾದಿನಿಗೆ ಕುಪ್ಪಸ ಕಳಿಸುವುದಿದ್ದರೆ ಇನ್ನೊಂದು. ಗಂಟಿನೊಳಗೆ ಗುರುತಿಗೆ ಒಂದು ಬೀಜವೋ ಅಡಿಕೆ ಚೂರೋ. ಕೆಲಸ ಮುಗಿಯುವವರೆಗೆ ಬಿಚ್ಚುವಂತಿಲ್ಲ, ಸೀರೆಯನ್ನು ಗಂಟಿನ ಸಮೇತವೇ ಒಗೆಯಬೇಕು. "ಗಂಟ ಬಿಚ್ಚಿದರ ಮಾತ ಉದರತೈತಿ" ಎನ್ನುತ್ತಿದ್ದರು ಅತ್ತೆ.

ನಾನು ಒಳಗೊಳಗೇ ನಗುತ್ತಿದ್ದೆ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳಲ್ಲವೇ! ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಊರೆಲ್ಲ ಬಾಯಾರ, ಬಾಯಾರ ಎಂದು ಕರೆಯುತ್ತಿತ್ತು. ಆದರೆ ನೌಕರಿ ಟೆಂಪರರಿ. ಕಾಯಂ ಆಗಬೇಕಾದರೆ ಮ್ಯಾಟ್ರಿಕ್ ಆಗಲೇಬೇಕು ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಹೊರಗಿನಿಂದ ಪರೀಕ್ಷೆಗೆ ಕಟ್ಟಿ ಎರಡು ಸಲ ಇಂಗ್ಲಿಷಿನಲ್ಲಿ ಬಿದ್ದಿದ್ದೆ. ಮೂರನೆಯ ಸಲವೂ ಬಿದ್ದರೆ ಜೂನಿನಿಂದ ನನ್ನ ಕುರ್ಚಿ ಬೇರೆಯವರಿಗೆ. ಬೀಳಬಾರದು ಎಂದು ಹಟ ಹಿಡಿದಿದ್ದೆ.

ನನ್ನನ್ನು ಕೆಡವುತ್ತಿದ್ದವು ದೊಡ್ಡ ಶಬ್ದಗಳೇನಲ್ಲ. ನೆನಪಿಗೆ ಸಂಬಂಧಪಟ್ಟ ನಾಲ್ಕೇ ಕ್ರಿಯಾಪದಗಳು, ಮತ್ತು ಅವುಗಳ ಹಿಂದೆ ಬರುವ ಸಣ್ಣ ಬಾಲ. "ಅವ್ವನನ್ನು ನೆನೆಯುತ್ತೇನೆ" ಎಂದು ಬರೆಯುವಾಗ ರಿಮೆಂಬರ್ ಆದ ಮೇಲೆ ಸುಮ್ಮನೆ ಒಂದು ಆಫ್ ಅಂಟಿಸುತ್ತಿದ್ದೆ. "ಉಪ್ಪು ತರಲು ಅವ್ವ ನೆನಪಿಸಿದಳು" ಎನ್ನುವಲ್ಲಿ ರಿಮೈಂಡ್ ಬಿಟ್ಟು ರಿಮೆಂಬರ್ ಹಾಕುತ್ತಿದ್ದೆ. ಹುಕ್ಕೇರಿಯಲ್ಲಿ ನೌಕರಿ ಮುಗಿಸಿ ನಮ್ಮ ಓಣಿಗೆ ಬಂದು ಕೂತಿದ್ದ ಮುದಿ ಮಾಸ್ತರರು ನನಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನನ್ನ ವಹಿಯ ತುಂಬ ಕೆಂಪು ಗೀಟು. "ನೆನಪಿನ ಶಬ್ದಾನ ನೆನಪ ಉಳಿಯೂದಿಲ್ಲಂದ್ರ ಹೆಂಗ್ರಿ ಬಾಯಾರ?" ಎಂದು ಛೇಡಿಸುತ್ತಿದ್ದರು.

ಒಂದು ಸಂಜೆ ರೊಟ್ಟಿ ಬಡಿಯುತ್ತ ಅದನ್ನೇ ಬಾಯಿಪಾಠ ಮಾಡುತ್ತಿದ್ದೆ. ಒಲೆಯ ಮುಂದೆ ಕೂತಿದ್ದ ಅತ್ತೆ ಕೇಳಿದರು, "ಏನವಾ ಅದು, ಆಗಿಂದ ರಿಮ್ ರಿಮ್ ಅನ್ನಾಕತ್ತೀದಿ?"

ಹೇಳಿದೆ. ಅಕ್ಷರ ಬಾರದ ಅತ್ತೆ ರೊಟ್ಟಿ ತಿರುವುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಮೊದಲನೇದಕ್ಕ ಹಿಂದ ಏನ ಹತ್ತಬೇಕು?"

"ಏನೂ ಹತ್ತಬಾರದ್ರಿ ಅತ್ತಿ."

"ಹಂಗಾದರ ಬರೇ ಗಂಟ ಹಾಕು, ಒಳಗ ಏನೂ ಇಡಬ್ಯಾಡ. ನಿಮ್ಮವ್ವನ್ನ ನೀ ನೆನಸಾಕ ನಡುವ ದಲಾಲಿ ಯಾಕ ಬೇಕು?"

ಆ ರಾತ್ರಿಯ ಊಟಕ್ಕೆ ಮೊದಲೇ ನನ್ನ ಸೆರಗಿಗೆ ಐದು ಗಂಟು ಬಿದ್ದವು. ಮೊದಲನೆಯದು ಬರೀ ಗಂಟು, ರಿಮೆಂಬರ್. ಮುಂದಿನ ಮೂರೂ ರಿಮೈಂಡಿನವು. ಒಂದು ಮುಖ ನೋಡಿ ಇನ್ನೊಂದು ಮುಖ ನೆನಪಾದರೆ ಆಫ್: ಜೋಡಿ ಹುಣಸೆ ಬೀಜ, ಒಂದರ ಹಾಗೆ ಇನ್ನೊಂದು. ಮಾಡಬೇಕಾದ ಕೆಲಸವನ್ನು ನೆನಪಿಸಿದರೆ ಟು: ಇನ್ನೂ ಹಚ್ಚದ ಅಂಗಿಯ ಗುಂಡಿ. ಯಾವುದೋ ವಿಷಯವನ್ನು ನೆನಪಿಸಿದರೆ ಅಬೌಟ್: ಮದುವೆಯ ವಿಷಯ ಮಾತಾಡುವಾಗ ಕೊಡುವ ಅಡಿಕೆಯ ಚೂರು. ಕೊನೆಯದು ರಿಕಾಲ್, ಅದೂ ಬರೀ ಗಂಟೇ, ಆದರೆ ಅತ್ತೆ ಕೈಯಾರೆ ಬಿಗಿದದ್ದು. "ಬಾವಿಯಿಂದ ಕೊಡಾ ಜಗ್ಗಿದಂಗ ಜಗ್ಗಿ ತಗೀಬೇಕು. ಅದಕ್ಕೂ ಯಾರೂ ಬ್ಯಾಡ" ಎಂದರು.

"ಮತ್ತ ಫರ್ಗೆಟ್ಟಿಗೆರಿ?"

"ಮರಿಯಾಕ ಯಾರರ ಗಂಟ ಹಾಕತಾರೇನ ಹುಚ್ಚಿ!"

ಪರೀಕ್ಷೆಯ ತನಕ ಅದೇ ಸೀರೆಯನ್ನು ಒಗೆದು ಒಗೆದು ಉಟ್ಟೆ. ಸಾಲೆಗೆ ಹೋಗುವಾಗ, ನೀರು ತರುವಾಗ ಬೆರಳು ತಾನಾಗಿ ಸೆರಗಿನ ಮೇಲೆ ಓಡಾಡುತ್ತಿತ್ತು. ಪರೀಕ್ಷೆಗೆಂದು ಗೋಕಾಕಿಗೆ ಹೊರಟ ಬೆಳಗ್ಗೆ ಬಸ್ಸಿನ ಹತ್ತಿರ ಬಂದ ಅತ್ತೆ, ನನ್ನೆದುರೇ ತಮ್ಮ ಸೆರಗಿಗೂ ಒಂದು ಗಂಟು ಬಿಗಿದರು. "ಇದು ನೀ ಪಾಸಾದ ಮ್ಯಾಲ ಬಿಚ್ಚೂದು."

ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ಕೊಡುವ ಮೊದಲು ಮೇಲ್ವಿಚಾರಕರು ಬೆಂಚಿನಿಂದ ಬೆಂಚಿಗೆ ಬಂದರು. ನನ್ನ ಸೆರಗಿನ ಮೇಲೆ ಅವರ ಕಣ್ಣು ನಿಂತಿತು.

"ಏನ್ರಿ ಇವು? ಚೀಟಿ ಕಟಗೊಂಡ ಬಂದೀರೇನು?"

"ಚೀಟಿ ಅಲ್ರಿ, ಗಂಟ್ರಿ."

"ಗಂಟ ಕಾಣತಾವು. ಬಿಚ್ಚಿ ತೋರಸ್ರಿ. ಇಲ್ಲಂದ್ರ ಹೊರಗ ನಡೀರಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಿಚ್ಚಿದರೆ ಮಾತು ಉದುರುತ್ತದೆ, ಬಿಚ್ಚದಿದ್ದರೆ ನೌಕರಿಯೇ ಹೋಗುತ್ತದೆ. ಅಳು ಬಂತು. ಆದರೆ ಅಳಲು ಇಷ್ಟು ದೂರ ಬಂದಿರಲಿಲ್ಲ. ಸೆರಗನ್ನು ಮುಂದೆ ಎಳೆದುಕೊಂಡು ಬಿಚ್ಚತೊಡಗಿದೆ.

ಮೊದಲನೆಯದು ಬಿಚ್ಚಿತು. ಅವರು ಬಗ್ಗಿ ನೋಡಿದರು. "ಇದರಾಗ ಏನೂ ಇಲ್ಲಲಾ!"

"ಅದು ರಿಮೆಂಬರ್ ರಿ. ಅದಕ್ಕ ಏನೂ ಬೇಕಾಗಿಲ್ಲ."

ಹುಣಸೆ ಬೀಜ, ಗುಂಡಿ, ಅಡಿಕೆ ಚೂರು ಒಂದೊಂದಾಗಿ ಅವರ ಅಂಗೈಗೆ ಹೋದವು. ಕೊನೆಯದು ಮಾತ್ರ ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ಜಗ್ಗಿದೆ, ಮತ್ತೆ ಜಗ್ಗಿದೆ. ಸಡಿಲಾದಾಗ ಅದರಲ್ಲೂ ಏನೂ ಇಲ್ಲ. ಮೇಲ್ವಿಚಾರಕರು ಎಲ್ಲವನ್ನೂ ಮೇಜಿನ ಮೇಲಿಟ್ಟುಕೊಂಡು, "ಹೋಗುವಾಗ ತಗೊಂಡ ಹೋಗ್ರಿ" ಎಂದು ಮುಂದೆ ಸರಿದರು.

ನೆನಪಿನ ಶಬ್ದಗಳ ಪ್ರಶ್ನೆ ಬಂದೇ ಬಂದಿತ್ತು. ಸೆರಗು ಖಾಲಿ. ಆದರೂ ಎಡಗೈ ಬೆರಳು, ಬಟ್ಟೆ ಸುಕ್ಕಾಗಿದ್ದ ಒಂದೊಂದೇ ಜಾಗಕ್ಕೆ ಹೋಗಿ ನಿಂತಿತು. ನಿಂತಲ್ಲಿ ಬಲಗೈ ಬರೆಯಿತು.

ಫಲಿತಾಂಶದ ಪೇಪರು ವಾಚನಾಲಯಕ್ಕೆ ಬಂದ ದಿನ ಮಾಸ್ತರರೇ ಓದಿ ನೋಡಿ, ಚಪ್ಪಲಿ ಮರೆತು ಓಡಿಬಂದರು. "ಪಾಸಾಗೀರಿ ಬಾಯಾರ! ನಂಬರ ಎರಡ ಸಲ ನೋಡೇನಿ!"

ಅತ್ತೆ ತಮ್ಮ ಸೆರಗು ಹಿಡಿದು ಕೂತರು. ಅಷ್ಟು ದಿನ ಒಗೆಸಿಕೊಂಡ ಗಂಟು ಕಲ್ಲಾಗಿತ್ತು. ಉಗುರಿಗೆ ಬಗ್ಗಲಿಲ್ಲ, ಹಲ್ಲು ಹಚ್ಚಿದರು. ಪರ್ರನೆ ಸೆರಗಿನ ತುದಿಯೇ ಹರಿಯಿತು.

"ಅಯ್ಯ ಅತ್ತಿ, ಸೀರಿ ಹರೀತಲ್ರಿ!"

"ಹರದರ ಹರೀಲಿ. ಮಾಸ್ತರ, ಕಾಯಂ ಮಾಡಾಕ ಮುಂದ ಮತ್ತೇನರ ಕೇಳತಾರೇನ್ರಿ?"

"ಟ್ರೇನಿಂಗ್ ಒಂದ ಕೇಳತಾರ್ರಿ. ಎರಡ ವರ್ಷ."

ಅತ್ತೆ ನನ್ನ ಸೆರಗಿನ ತುದಿ ಎಳೆದುಕೊಂಡರು. ಒಳಗೆ ಏನೂ ಇಡಲಿಲ್ಲ. ಬಿಗಿಯಾಗಿ ಒಂದು ಗಂಟು ಹಾಕಿ, ಎರಡು ಸಲ ಜಗ್ಗಿ ನೋಡಿ, "ಏಳು, ಅರ್ಜಿ ಬರಿ" ಎಂದರು.