ಅವ್ವಾರಿಗೆ ‘ಶಿ’ ಅನ್ನಲಾರೆ

ಗಡಿಯಾಚೆ ಆಂಧ್ರದ ರಾಯದುರ್ಗದಲ್ಲಿ ಬಸ್ಸಿಳಿದ ದಿನ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ನಾನು ಇದ್ದಕ್ಕಿದ್ದಂತೆ ನಿರಕ್ಷರಿಯಾದೆ. ಕಿವಿಗೆ ಬೀಳುತ್ತಿದ್ದುದು ಕನ್ನಡ, ಬೋರ್ಡುಗಳಲ್ಲಿದ್ದುದು ತೆಲುಗು. ನಮ್ಮ ಅಕ್ಷರಗಳಂತೆಯೇ ಇದ್ದವು, ಆದರೆ ಪ್ರತಿಯೊಂದರ ತಲೆಯ ಮೇಲೂ ಯಾರೋ ಮೇಷ್ಟ್ರು ಟಿಕ್ ಮಾರ್ಕ್ ಹಾಕಿದ್ದರು. ಮೈಸೂರಿನ ಕಾನ್ವೆಂಟಿನಲ್ಲಿ ಹ್ಯಾಂಡ್‌ರೈಟಿಂಗಿಗೆ ಪ್ರೈಜ್ ತೆಗೆದುಕೊಂಡವಳು, ಔಷಧಿ ಅಂಗಡಿ ಯಾವುದೆಂದು ಮಗಳನ್ನು ಕೇಳಬೇಕಾಯಿತು.

ಮಗಳಿಗೆ ಇಲ್ಲಿನ ಬ್ಯಾಂಕಿಗೆ ಟ್ರಾನ್ಸ್‌ಫರ್ ಆಗಿತ್ತು, ಜೊತೆಗೆ ಬಂದೆ. ಮೈಸೂರಿನಲ್ಲಿ ಬೆಳಗ್ಗೆ ಇಡ್ಲಿ. ಇಲ್ಲಿ ಉಗ್ಗಾಣಿ, ಅಂದರೆ ನೆನೆಸಿದ ಮಂಡಕ್ಕಿಯ ಒಗ್ಗರಣೆ, ಪಕ್ಕದಲ್ಲಿ ಕಣ್ಣೀರು ತರಿಸುವ ಮಿರ್ಚಿ ಬಜ್ಜಿ. ಅಲ್ಲಿ ಪಕ್ಕದ ಮನೆಯವರು ಬೆಲ್ ಒತ್ತಿ ಕಾಯುತ್ತಿದ್ದರು. ಇಲ್ಲಿ ನೇರ ಒಳಗೆ ಬಂದು, ‘ಏನ್ ಸಾರು ಮಾಡೀರಿ?’ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ. ಆದರೂ ಮಗಳು ಆಫೀಸಿಗೆ ಹೋದ ಮೇಲೆ ಹಗಲು ಬಹಳ ಉದ್ದವಾಗಿತ್ತು. ಮೈಸೂರಿನ ತಂಗಿಯೊಡನೆ ಫೋನಿನಲ್ಲಿ ಇಂಗ್ಲಿಷ್ ಮಾತಾಡುವುದೊಂದೇ ಕಾಲಕ್ಷೇಪ. ಅದನ್ನು ಕಿಟಕಿಯಾಚೆ ನಿಂತು ಕೇಳಿಸಿಕೊಂಡ ಮಕ್ಕಳು ಮರುದಿನ ನೋಟ್‌ಬುಕ್ ಹಿಡಿದು ಬಂದರು. ನಾನು ಟೀಚರಮ್ಮನಾದದ್ದು ಹಾಗೆ.

ಅವರಲ್ಲಿ ಹುಲಿಗೆಮ್ಮನಿಗೆ ಹತ್ತು ವರ್ಷ. ತಾಯಿಯಿಲ್ಲದ ಹುಡುಗಿ, ಸಾಕಿದ್ದು ಅಜ್ಜಿ ಸುಂಕಮ್ಮ. ಈ ಊರಿನಲ್ಲಿ ಹೊಲಿಯುವ ಜೀನ್ಸ್ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುವುದು ಅಜ್ಜಿಯ ಕೆಲಸ. ಓಣಿಯೆಲ್ಲ ಅವರನ್ನು ಕರೆಯುವುದು ‘ಅವ್ವಾರು’ ಎಂದು. ಹುಲಿಗೆಮ್ಮ ವಸತಿ ಶಾಲೆಯೊಂದರ ಪ್ರವೇಶ ಪರೀಕ್ಷೆಗೆ ಕೂರುವವಳಿದ್ದಳು. ಸೀಟು ಸಿಗದಿದ್ದರೆ ಮುಂದಿನ ವರ್ಷದಿಂದ ಅವಳ ಕೈಗೂ ಕತ್ತರಿ. ಪರೀಕ್ಷೆಯಲ್ಲಿ ಮನೆಯ ಹಿರಿಯರೊಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ಐದು ಸೆಂಟೆನ್ಸ್ ಬರೆಯಬೇಕು. ಆ ಪ್ರಶ್ನೆ ಪ್ರತಿ ವರ್ಷವೂ ಬರುತ್ತಿತ್ತಂತೆ.

ಅವಳು ಬರೆದು ತಂದಳು: ‘ದೇ ಆರ್ ಮೈ ಗ್ರ್ಯಾಂಡ್‌ಮದರ್.’

ನಾನು ಕೆಂಪು ಪೆನ್ನಿನಲ್ಲಿ ‘ಶಿ ಈಸ್’ ಎಂದು ತಿದ್ದಿದೆ. ಮರುದಿನವೂ ‘ದೇ ಆರ್’. ಮೂರನೆಯ ದಿನ ಗದರಿಸಿದೆ.

‘ಅವ್ವಾರಿಗೆ ಶಿ ಅಂತ ಹೆಂಗ ಬರೀಲ್ರಿ ಟೀಚರಮ್ಮ? ಅವಳು ಅಂದಂಗ ಆತಲ್ರಿ.’

ಇಂಗ್ಲಿಷಿನಲ್ಲಿ ರಾಣಿಗೂ ಶಿ, ದೇವರಿಗೂ ಹೀ ಎಂದೆ.

‘ದೇವ್ರಿಗೆ ನಾವೂ ಏಕವಚನಾನ ಅಂತೀವ್ರಿ. ನೇಮಕಲ್ಲು ಆಂಜನೇಯಪ್ಪ ಬೈಯಂಗಿಲ್ಲ. ಅವ್ವಾರು ಬೈತಾರ.’

ಅವ್ವಾರನ್ನೇ ಕರೆಸಿದೆ. ಸೀರೆಯ ಮೇಲಿನ ನೀಲಿ ದಾರಗಳನ್ನು ಕೊಡವುತ್ತಾ ಬಂದವರು ಎಲ್ಲ ಕೇಳಿ ಮೊಮ್ಮಗಳ ಕಡೆ ತಿರುಗಿದರು. ‘ಬರಿಯವ್ವ. ಪೇಪರಿನಾಗ ಅವಳು ಆದ್ರ ನಾನೇನ್ ಸವದು ಹೋಗಂಗಿಲ್ಲ.’ ಹುಡುಗಿ ತುಟಿ ಬಿಗಿದಳು. ಬರೆಯಲಿಲ್ಲ.

ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ಬೇರೆ ದಾರಿ ಕಾಣದೆ, ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಮಾಡಿಸುತ್ತಿದ್ದಂತೆ ರಾಗವಾಗಿ ಹೇಳಿಸಲು ಕೂತೆ. ಐ ಆಮ್, ಯೂ ಆರ್, ಹೀ ಈಸ್. ಹುಲಿಗೆಮ್ಮ ಹೇಳುವುದನ್ನು ನಡುವೆಯೇ ನಿಲ್ಲಿಸಿದಳು.

‘ಒಬ್ರಿಗೇ ಹೇಳಿದ್ರೂ ಯೂ ಆರ್ ಏನ್ರಿ? ನಮ್ಮಂಥ ಸಣ್ಣೋರಿಗೂ?’

ಹೌದು, ಎಲ್ಲರಿಗೂ ಎಂದೆ.

‘ಹಂಗಾದ್ರ ಇಂಗ್ಲಿಷ್ನೋರಿಗೂ ಮರ್ಯಾದಿ ಐತಿ ಬಿಡ್ರಿ.’

ಅರವತ್ತು ವರ್ಷದಿಂದ ಒಪ್ಪಿಸುತ್ತ ಬಂದ ಟೇಬಲ್ ಅದು. ಅದರೊಳಗೊಂದು ಬಹುವಚನ ಕೂತಿರುವುದನ್ನು ನಾನು ಒಮ್ಮೆಯೂ ಗಮನಿಸಿರಲಿಲ್ಲ.

ಪರೀಕ್ಷೆ ಮುಗಿಸಿ ಬಂದವಳು ಬರೆದದ್ದನ್ನು ಬಾಯಲ್ಲಿ ಹೇಳಿದಳು. ಪತ್ರದ ಹಾಗೆ ಬರೆದಿದ್ದಳು. ‘ಡಿಯರ್ ಅವ್ವಾರು, ಯೂ ಆರ್ ಮೈ ಗ್ರ್ಯಾಂಡ್‌ಮದರ್. ಯೂ ಆರ್ ಎ ಜೀನ್ಸ್ ವರ್ಕರ್. ಯೂ ಆರ್ ಟೈಯರ್ಡ್ ಎವೆರಿ ಡೇ. ಯೂ ಆರ್ ನಾಟ್ ಆ್ಯಂಗ್ರಿ. ಯೂ ಆರ್ ಮೈ ಮದರ್ ಆಲ್ಸೋ.’ ಒಂದೂ ತಪ್ಪಿರಲಿಲ್ಲ. ಆದರೆ ಕೇಳಿದ್ದು ಅಜ್ಜಿಯ ‘ಬಗ್ಗೆ’, ಬರೆದದ್ದು ಅಜ್ಜಿಗೆ. ಪೇಪರ್ ತಿದ್ದುವವರು ಒಪ್ಪುತ್ತಾರೋ ಇಲ್ಲವೋ? ಮೂರು ವಾರ ನನಗೆ ಉಗ್ಗಾಣಿಯೂ ರುಚಿಸಲಿಲ್ಲ.

ಸೀಟು ಸಿಕ್ಕವರ ಪಟ್ಟಿ ಅಂಟಿಸಿದ ದಿನ ಅವ್ವಾರು, ಹುಡುಗಿ, ನಾನು ಮೂವರೂ ಹೋದೆವು. ಹುಲಿಗೆಮ್ಮ ಹೆದರಿ ಕಣ್ಣು ಮುಚ್ಚಿ ನಿಂತಳು. ಅವ್ವಾರಿಗೆ ಓದು ಬಾರದು. ಪಟ್ಟಿ ತೆಲುಗಿನಲ್ಲಿತ್ತು. ನಾನು ಬೆರಳಿಟ್ಟು, ಟಿಕ್ ಮಾರ್ಕುಗಳ ಕೆಳಗೆ ನಮ್ಮ ಅಕ್ಷರಗಳನ್ನು ಹುಡುಕುತ್ತಾ ಕೂಡಿಸಿ ಓದಿದೆ: ಹು, ಲಿ, ಗೆ, ಮ್ಮ. ಇನ್ನೊಮ್ಮೆ ಜೋರಾಗಿ ಓದಿದೆ. ನನ್ನ ಹ್ಯಾಂಡ್‌ರೈಟಿಂಗ್ ಪ್ರೈಜಿನ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಇದನ್ನೆಲ್ಲ ತಂಗಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದೆ. ಓದಿ ಫೋನ್ ಮಾಡಿದಳು. ಅವ್ವಾರ ಹೆಸರು ಬಂದಲ್ಲೆಲ್ಲ ನಾನು ‘ದೇ’ ಎಂದು ಬರೆದಿದ್ದೆನಂತೆ. ‘ಅಕ್ಕ, ನಿನ್ನ ಗ್ರಾಮರ್ ಕೆಟ್ಟುಹೋಗಿದೆ. ಸಾಕು, ಮೈಸೂರಿಗೆ ಬಂದುಬಿಡು’ ಎಂದಳು. ಅವಳ ಹಿಂದೆ ನಮ್ಮ ಬೀದಿಯ ಹೂವಿನವನ ಕೂಗು ಕೇಳಿಸಿತು.

‘ಬರ್ತೀನ್ರಿ’ ಎಂದೆ.

ತಂಗಿ ಕೇಳಿದಳು, ‘ಯಾರಿಗೆ ರೀ ಅಂತಿದೀಯ, ಅಕ್ಕ?’