ವಿಟಮಿನ್ ಎಂದು ಹಂಚಿದ ಹಳದಿ ಪುಡಿ

ನಾನು ವಿಟಮಿನ್ ಎಂದು ಹೇಳಿ ಹಂಚಿದ್ದು ವಿಟಮಿನ್ ಅಲ್ಲ. ಅದು ಕೋಳಿಗಳಿಗೆ ಹಾಕುವ ಆಂಟಿಬಯೋಟಿಕ್ ಪುಡಿ. ಗೊತ್ತಿದ್ದೇ ಹಂಚಿದೆ. ಗೌರಮ್ಮನ ಬಲಗೈ ತೋರುಬೆರಳು ಹೋದದ್ದು ಅದರಿಂದಲೇ ಎಂದು ಯಾವ ಕೋರ್ಟಿನಲ್ಲೂ ಸಾಬೀತು ಮಾಡಲಾಗದು. ಆದರೆ ಡಾಕ್ಟರು ಕೇಳಿದ ದಿನ ನಾನು ನಿಜ ಹೇಳಿದ್ದರೆ ಆ ಬೆರಳು ಉಳಿಯುತ್ತಿತ್ತೇನೋ — ಈ 'ಏನೋ' ಎಂಬುದನ್ನು ಇಷ್ಟು ವರ್ಷ ನಾನೊಬ್ಬನೇ ಇಟ್ಟುಕೊಂಡಿದ್ದೆ.

ನನ್ನದು ಕನಕಪುರದ ಹೊರಗೆ ಚಾಕಿ ಸಾಕಾಣಿಕೆ. ರೇಷ್ಮೆ ಮೊಟ್ಟೆ ಒಡೆಸಿ, ಎಳೆ ಹುಳುಗಳನ್ನು ಎರಡನೇ ಜ್ವರ ಏಳುವವರೆಗೆ ಸಾಕಿ ರೈತರಿಗೆ ಕೊಡುವ ಕೆಲಸ. ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ. ಸೈಕಲ್ ಮೇಲೆ ಬೇರೆಯವರ ಗೂಡಿನ ಚೀಲ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದವನು ನಾನು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನದು ಗಟ್ಟಿಯೋ ಕರಗಿದೆಯೋ ಹೇಳಬಲ್ಲೆ. ವ್ಯವಹಾರಕ್ಕೆ ಇಳಿಯುವ ಹುಡುಗರಿಗೆ ಈಗಲೂ ಒಂದು ಮಾತು ಹೇಳುತ್ತೇನೆ: ಎದುರಿಗಿರುವವನಿಗೆ ಏನು ಬೇಕೆಂಬುದು ಅವನಿಗಿಂತ ಮೊದಲು ನಿಮಗೆ ತಿಳಿದಿರಬೇಕು. ನನ್ನನ್ನು ಮೇಲೆ ತಂದದ್ದು ಆ ಬುದ್ಧಿ. ಇಲ್ಲಿಗೆ ತಂದು ನಿಲ್ಲಿಸಿದ್ದೂ —

ಒಂದು ಬೇಸಿಗೆಯಲ್ಲಿ ನನ್ನ ತಟ್ಟೆಗಳಿಗೆ ಸಪ್ಪೆ ರೋಗ ಬಿತ್ತು. ಬ್ಯಾಕ್ಟೀರಿಯಾದಿಂದ ಬರುವ ರೋಗ. ಹುಳು ಮೇವು ಬಿಡುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಕಪ್ಪಾಗಿ ಮುಟ್ಟಿದರೆ ಒಡೆದು ನೀರಾಗುತ್ತದೆ. ಆ ವಾಸನೆ ಮೂಗಿಗೆ ಹತ್ತಿದರೆ ಊಟ ಸೇರುವುದಿಲ್ಲ. ಮಾಡಬೇಕಾದದ್ದು ನಮಗೆಲ್ಲ ಗೊತ್ತು: ಹುಳುವನ್ನು ಸುಟ್ಟು, ಮನೆ ತೊಳೆದು, ಸುಣ್ಣ ಹೊಡೆದು ಹೊಸದಾಗಿ ಶುರು ಮಾಡುವುದು. ನನಗೆ ಮನಸ್ಸು ಬರಲಿಲ್ಲ. ಕೋಳಿ ಫಾರಂಗಳಿಗೆ ಔಷಧಿ ತಲುಪಿಸುವ ಪರಿಚಯದವನೊಬ್ಬ ಹಳದಿ ಪುಡಿಯ ಡಬ್ಬಿ ತಂದುಕೊಟ್ಟ. ನೀರಿಗೆ ಕಲಸಿ ಹಿಪ್ಪುನೇರಳೆ ಸೊಪ್ಪಿಗೆ ಚಿಮುಕಿಸಿದೆ. ಸಾಯಲಿದ್ದ ಹುಳುಗಳು ತಲೆಯೆತ್ತಿ ಸೊಪ್ಪು ಕಡಿಯತೊಡಗಿದವು.

"ಬೈರಣ್ಣನ ಹುಳ ಸಾಯಾಕಿಲ್ಲ ಕಣ್ಲಾ" ಎಂಬ ಮಾತು ಕೋಡಿಹಳ್ಳಿ ಕಡೆಯಿಂದ ಹೊರಟು ಚನ್ನಪಟ್ಟಣದ ಬೈರಾಪಟ್ಟಣದವರೆಗೂ ಹೋಯಿತು. ನಾನು ಆ ಪುಡಿಯನ್ನು ಸಣ್ಣ ಪೊಟ್ಟಣಗಳಿಗೆ ತುಂಬಿ ಹುಳುವಿನ ಜೊತೆ ಕೊಡಲು ಶುರು ಮಾಡಿದೆ. ಪೊಟ್ಟಣದ ಮೇಲೆ ಹೆಸರಿಲ್ಲ. ಯಾರಾದರೂ ಕೇಳಿದರೆ "ವಿಟಮಿನ್" ಎನ್ನುತ್ತಿದ್ದೆ. ನಿಜ ಹೇಳಿದರೆ ಜನ ಹೆದರುತ್ತಾರೆ ಎಂಬುದು ಒಂದು ಕಾರಣ. ಇನ್ನೊಂದು, ಹೆದರದವರು ನೇರವಾಗಿ ಕೋಳಿ ಔಷಧಿ ಅಂಗಡಿಗೇ ಹೋಗುತ್ತಾರೆ, ನನ್ನ ಹತ್ತಿರ ಯಾಕೆ ಬರುತ್ತಾರೆ? ಎರಡನೆಯದೇ ದೊಡ್ಡ ಕಾರಣ. ಅದನ್ನೂ ಇಲ್ಲಿ ಹೇಳಿಬಿಡುವುದು ಮೇಲು.

ಕೆಲವು ಬೆಳೆಗಳ ನಂತರ ಪುಡಿ ಮೊದಲಿನಂತೆ ಹಿಡಿಯಲಿಲ್ಲ. ಜನ ಬಂದು ಹೇಳಿದರು. "ಒಸಿ ಜಾಸ್ತಿ ಹಾಕಿ" ಎಂದೆ. ಹಾಕಿದರು. ಆಮೇಲೆ ಅದೂ ಸಾಲಲಿಲ್ಲ. "ಇನ್ನೊಸಿ" ಎಂದೆ. ಸಲಹೆ ಕೊಡುವುದೆಂದರೆ ನನಗೆ ಮೊದಲಿನಿಂದಲೂ ಬಾಯಿ ಚುರುಕು.

ಈಗ ಗೌರಮ್ಮನ ವಿಷಯ. ಕೋಡಿಹಳ್ಳಿಯ ಹತ್ತಿರದ ಒಂದು ಊರಿನವಳು, ನನಗೆ ಬಹಳ ಹಳೆಯ ಗಿರಾಕಿ, ನನ್ನನ್ನು ಬಾಯ್ತುಂಬ ಅಣ್ಣ ಎನ್ನುವವಳು. ಗಂಡ ಕಲ್ಲು ಕ್ವಾರಿಗೆ ಹೋಗುತ್ತಿದ್ದ. ಹುಳುಮನೆ ಪೂರ್ತಿ ಅವಳದೇ. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಸುತ್ತಲಿನ ಮನೆಯವರೆಲ್ಲ ಅವಳನ್ನೇ ಕರೆಯುತ್ತಿದ್ದರು. ಅವಳು ಮುಟ್ಟಿದ ಹುಳು ನಲುಗುತ್ತಿರಲಿಲ್ಲ. ಅಂಥ ಬೆರಳುಗಳು. ನನ್ನ ಪುಡಿಯನ್ನು ಅವಳು ಕೈಯಲ್ಲೇ ಉದುರಿಸುತ್ತಿದ್ದಳು. ಹಾಗೆ ಉದುರಿಸುತ್ತ ಯಾವಾಗಲೋ ಅವಳಿಗೆ ಹೊಳೆದಿದೆ — ಹುಳುವಿಗೇ ಇಷ್ಟು ಒಳ್ಳೆಯದಾದರೆ ಮನುಷ್ಯರಿಗೆ ಯಾಕಾಗಬಾರದು? ಕಾಲಿನ ಬಿರುಕಿಗೆ, ಕೈ ತರಚಿದ್ದಕ್ಕೆ, ಮಕ್ಕಳ ಮೊಣಕಾಲಿಗೆಲ್ಲ ಅದನ್ನೇ ಹಚ್ಚಿದಳು. ವಾಸಿಯೂ ಆಗುತ್ತಿತ್ತು. ನನಗೇ ಹೇಳಿದ್ದಳು. ನಾನು ನಕ್ಕಿದ್ದೆ.

ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿ ಆ ತೋರುಬೆರಳಿಗೆ ಗಾಯವಾಯಿತು. ಪುಡಿ ಉದುರಿಸಿದಳು. ಈ ಸಲ ಮಾಯಲಿಲ್ಲ, ಊದಿಕೊಂಡಿತು. ನಾನು ಹುಳು ಕೊಡಲು ಹೋದವನು ನೋಡಿ, ಗಾಡಿಯಲ್ಲಿ ಕೂರಿಸಿಕೊಂಡು ಕನಕಪುರದ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದೆ.

"ಮೊದ್ಲು ಯಾವುದಾದ್ರೂ ಆಂಟಿಬಯೋಟಿಕ್ ತಗೊಂಡಿದ್ದೀರಾ? ಗಾಯಕ್ಕೆ ಏನಾದ್ರೂ ಹಾಕಿದ್ರಾ?" ಎಂದು ಡಾಕ್ಟರು ಕೇಳಿದರು.

"ಏನೂ ಇಲ್ಲ ಸಾ. ಹುಳದ ವಿಟಮಿನ್ ಒಸಿ ಉದುರ್ಸಿದ್ದೆ, ಅಷ್ಟೇಯ" ಎಂದಳು ಗೌರಮ್ಮ.

ಡಾಕ್ಟರು ನನ್ನ ಕಡೆ ತಿರುಗಿದರು. "ಯಾವ ವಿಟಮಿನ್?"

ಆಗ ನಾನು ಹೇಳಿದ್ದು ಇಷ್ಟು: "ಬರೀ ವಿಟಮಿನ್ನೇ ಸಾರ್. ನಾನೇ ಕೊಡೋದು."

ಅವರು ಮಾತ್ರೆ ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ನೋಡಿದೆ. ಆ ಮಾತ್ರೆಯ ಹೆಸರಿನ ಕೊನೆಯೂ ನನ್ನ ಡಬ್ಬಿಯ ಮೇಲಿನ ಹೆಸರಿನ ಕೊನೆಯೂ ಒಂದೇ. ಒಂದೇ ಮನೆತನದವು. ಡಾಕ್ಟರ ಕೊಠಡಿಯ ಬಾಗಿಲು ತೆರೆದೇ ಇತ್ತು — ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿದ್ದರೆ... ನಾನು ಮಾತ್ರೆ ಅವಳ ಕೈಗೆ ಕೊಟ್ಟು, "ಊಟ ಆದ್ಮೇಲೆ ತಗೊಳವ್ವ, ಖಾಲಿ ಹೊಟ್ಟೇಲಿ ಬ್ಯಾಡ" ಎಂದು ಸಲಹೆ ಕೊಟ್ಟೆ.

ಆ ಮಾತ್ರೆ ನಾಟಲಿಲ್ಲ. ಅದು ನಾಟುತ್ತಿಲ್ಲ ಎಂದು ತಿಳಿಯುವ ಹೊತ್ತಿಗೆ ಕೀವು ಮೂಳೆ ಸೇರಿತ್ತು. ಬೆಂಗಳೂರಿಗೆ ಕರೆದೊಯ್ದರು, ಬೆರಳು ತೆಗೆದರು. ಮನೆಗೆ ಬಂದ ಮೇಲೆ ನೋಡಲು ಹೋದೆ. "ಅವತ್ತು ನೀನು ಗಾಡೀಲಿ ಕರ್ಕೊಂಡೋಗ್ದಿದ್ರೆ ಕೈಯೇ ಓಗ್ಬುಡೋದು ಕಣಣ್ಣ" ಎಂದು ಕಾಫಿ ಕೊಟ್ಟಳು. ಕುಡಿದೆ.

ನನ್ನ ತಮ್ಮನ ಮಗಳು ಸುಮಾ ರಾಮನಗರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಗೌರಮ್ಮನ ರಿಪೋರ್ಟಿನ ಫೋಟೋ ಅವಳಿಗೆ ತೋರಿಸಿದೆ, ಪುಡಿಯ ವಿಷಯ ಹೇಳದೆ. ಡಾಕ್ಟರು ಕೊಟ್ಟಿದ್ದ ಆ ಮಾತ್ರೆಯ ಮನೆತನದ ಔಷಧಿ ಯಾವುದೂ ಈ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ ಎಂದಳು. ಯಾಕೆ ಎಂದು ಕೇಳಿದೆ.

"ಬ್ಯಾಕ್ಟೀರಿಯಾ ಬದುಕಬೇಕು ಅಂದ್ರೆ ಪ್ರೋಟೀನ್ ಮಾಡ್ತಾನೇ ಇರ್ಬೇಕು ದೊಡ್ಡಪ್ಪ. ನಿಮ್ಮ ರೇಷ್ಮೆ ಎಳೆನೂ ಪ್ರೋಟೀನೇ. ಒಳಗೆ ಜೀನ್ ಹೇಳ್ದಂಗೆ ಒಂದೊಂದೇ ಮಣಿ ಪೋಣಿಸೋ ಯಂತ್ರ ಇರುತ್ತೆ, ರೈಬೋಸೋಮ್ ಅಂತ. ಈ ಔಷಧಿ ಹೋಗಿ ಆ ಯಂತ್ರಕ್ಕೆ ಅಡ್ಡ ಕೂರುತ್ತೆ. ಪೋಣಿಸೋದು ನಿಂತೋಯ್ತದೆ."

"ಮತ್ತೆ ಇದ್ಯಾಕೆ ನಿಂತಿಲ್ಲ?"

"ಇದು ಔಷಧೀನ ಹೊರಕ್ಕೆ ಎತ್ತಿ ಹಾಕೋ ಪಂಪ್ ಮಾಡ್ಕೊಂಡದೆ. ಆ ಪಂಪೂ ಒಂದು ಪ್ರೋಟೀನೇ. ಎಲ್ಲೋ ದಿನಾ ಒಸಿ ಒಸಿ ಔಷಧಿ ಸಿಕ್ಕಿರ್ಬೇಕು. ಬಡವೆಲ್ಲ ಸತ್ತು, ಪಂಪ್ ಇರೋವು ಉಳ್ಕೊಂಡು ಸಂಸಾರ ಬೆಳೆಸಿರ್ತವೆ. ಯಾರೋ ಅವಕ್ಕೆ ಮುದ್ದೆ ಹಾಕಿ ಕುಸ್ತಿ ಕಲ್ಸಿದಂಗೆ."

ಅವಳೇ ಮುಂದುವರಿಸಿದಳು. "ಮಕ್ಕಳಿಗಷ್ಟೇ ಅಲ್ಲ, ಆ ಪಂಪಿನ ಜೀನನ್ನ ಪಕ್ಕದಲ್ಲಿರೋ ಬೇರೆ ಜಾತಿ ಬ್ಯಾಕ್ಟೀರಿಯಾಕ್ಕೂ ದಾಟಿಸ್ತವೆ."

"ಪುಕ್ಕಟೇನಾ?"

"ಇನ್ನೇನು, ನಿಮ್ಮಂಗೆ ಚೌಕಾಸಿ ಮಾಡ್ತವಾ?" ಎಂದು ನಕ್ಕಳು.

ಹುಳುವಿನ ಹಿಕ್ಕೆ ಗೊಬ್ಬರದ ಗುಂಡಿಗೆ ಹೋಗುತ್ತದೆ, ಉಳಿದ ಕಡ್ಡಿ ದನದ ಮುಂದೆ ಬೀಳುತ್ತದೆ, ತಟ್ಟೆ ತೊಳೆದ ನೀರು ಮೋರಿಗೆ. ಪುಡಿ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ... ಆದರೂ ಚೌಕಾಸಿ ಬಿಡಲಿಲ್ಲ. "ಬ್ಯಾಕ್ಟೀರಿಯಾನ ಸಾಯ್ಸೋ ವೈರಸ್ ಐತಂತಲ್ಲ, ಟೀವೀಲಿ ತೋರಿಸ್ತಿದ್ರು. ಅದನ್ನೇ ಬುಟ್ರೆ?" ಎಂದೆ. ದೊಡ್ಡ ಊರುಗಳಲ್ಲಿ ಪ್ರಯತ್ನ ಮಾಡುತ್ತಿದ್ದಾರೆ, ನಮ್ಮ ಆಸ್ಪತ್ರೆಗೆ ಇನ್ನೂ ಬಂದಿಲ್ಲ ಎಂದಳು. ಅದಕ್ಕೂ ಅವು ರಕ್ಷಣೆ ಇಟ್ಟುಕೊಂಡಿವೆಯಂತೆ. ಕೆಲವು ಬ್ಯಾಕ್ಟೀರಿಯಾಗಳು ದಾಳಿ ಮಾಡಿದ ವೈರಸ್ಸಿನ ಒಂದು ಚೂರನ್ನು ಕತ್ತರಿಸಿ ತಮ್ಮ ಜೀನುಗಳ ನಡುವೆ ಸೇರಿಸಿಕೊಳ್ಳುತ್ತವೆ. ಅದೇ ವೈರಸ್ ಮತ್ತೆ ಬಂದರೆ ಗುರುತು ಹಿಡಿದು ತುಂಡು ಮಾಡುತ್ತವೆ. ಕಣ್ಣಿಗೆ ಕಾಣದ ಒಂದು ಜೀವಿಗೂ ತನ್ನನ್ನು ಕೆಡಿಸಲು ಬಂದವರ ಗುರುತು ಇರುತ್ತದೆ. ಗೌರಮ್ಮ ನನಗೆ ಕಾಫಿ ಕೊಡುತ್ತಿದ್ದಳು.

ಅಂದಿನಿಂದ ಪುಡಿ ತರಿಸಲಿಲ್ಲ. ಕೇಳಿದವರಿಗೆ "ಕಂಪನಿ ನಿಲ್ಲಿಸಿದೆ" ಎಂದೆ. ಒಂದು ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ಮುಚ್ಚಿ, ಮುಗಿಯಿತು ಎಂದುಕೊಂಡೆ. ನಿಲ್ಲಿಸಿದ್ದೇ ದೊಡ್ಡದು ಎಂದು ಒಳಗೊಳಗೇ ಬೆನ್ನನ್ನೂ ತಟ್ಟಿಕೊಂಡೆ. ಆದರೆ ನನ್ನ ಕೈಗೆ ಸಣ್ಣ ಗಾಯವಾದರೂ ದಿನಕ್ಕೆ ಹತ್ತು ಸಲ ಬಿಚ್ಚಿ ನೋಡುತ್ತಿದ್ದೆ — ಕೆಂಪಾಗಿದೆಯೇ, ಬಿಸಿಯಾಗಿದೆಯೇ ಎಂದು.

ಕಳೆದ ತಿಂಗಳು ಗೌರಮ್ಮನ ಮಗಳು ರೂಪ ಹೆರಿಗೆಗೆ ತವರಿಗೆ ಬಂದಿದ್ದಳು. ಆಪರೇಷನ್ ಮಾಡಿ ಮಗು ತೆಗೆದಿದ್ದರು. ಮನೆಗೆ ಬಂದಿದ್ದಾರೆಂದು ತಿಳಿದು ಮಗು ನೋಡಲು ಹೋದೆ.

"ನೋಡಣ್ಣ, ಇವ್ನು ಅವ್ರಪ್ಪನಂಗೇಯ. ಮಲ್ಗುದ್ರೆ ಏಳಾಕಿಲ್ಲ" ಎಂದು ಗೌರಮ್ಮ ಮೊಮ್ಮಗನನ್ನು ನನ್ನ ತೊಡೆಗೆ ಕೊಟ್ಟಳು. ಒಳಗೆ ಮಲಗಿದ್ದ ರೂಪಳ ಮುಖ ಕೆಂಪಡರಿತ್ತು. ಜ್ವರವೇ ಎಂದು ಕೇಳಿದೆ.

"ಒಸಿ ಮೈ ಬಿಸಿ ಐತೆ. ಹೊಲಿಗೆ ತಾವ ನೀರಾಡ್ತೈತೆ. ನಿನ್ ವಿಟಮಿನ್ ಎತ್ತಿಟ್ಟಿದ್ನಲ್ಲ, ಅದ್ನೇ ಉದುರುಸ್ತಾ ಇವ್ನಿ."

ಕಿಟಕಿಯಲ್ಲಿ ನನ್ನ ಪೊಟ್ಟಣ ಇತ್ತು. ಬಾಯಿಯನ್ನು ದಾರದಿಂದ ಬಿಗಿಯಾಗಿ ಕಟ್ಟಿ, ತೇವ ತಾಗದಂತೆ ಜೋಪಾನ ಮಾಡಿದ್ದಳು.

ಮೊದಲು ನನ್ನ ಬಾಯಿಂದ ಬಂದದ್ದೂ ಸುಳ್ಳೇ. "ಅದು ಹಳೇದು ಕಣವ್ವ, ಪವರ್ ಓಗಿರ್ತದೆ. ಒಂದ್ಸಲ ಆಸ್ಪತ್ರೆಗೆ ತೋರ್ಸ್‌ಬುಡು" ಎಂದು ಕೂಸನ್ನು ಅವಳ ಕೈಗೆ ಕೊಟ್ಟು ಎದ್ದು, ಪೊಟ್ಟಣ ಜೇಬಿಗೆ ಹಾಕಿಕೊಂಡು ಹೊರಟೆ. ಅಂಗಳ ದಾಟುವಷ್ಟರಲ್ಲಿ ಲೆಕ್ಕಾಚಾರ ಶುರುವಾಗಿತ್ತು — ಪುಡಿ ಕೈಗೆ ಬಂತು, ಆಸ್ಪತ್ರೆಗೆ ಹೋಗುತ್ತಾರೆ, ಅರ್ಧಕ್ಕೆ ವ್ಯವಹಾರ ಕುದುರಿತು. ಆದರೆ ಅಲ್ಲಿ ಡಾಕ್ಟರು ಏನು ಕೇಳುತ್ತಾರೆ, ಇವಳು ಏನು ಉತ್ತರ ಹೇಳುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಒಳಗೆ ಹಸುಗೂಸು ಅತ್ತಿತು. ಆ ಗಾಯದ ಪಕ್ಕದಲ್ಲೇ ಅದು ಹಾಲು ಕುಡಿಯುತ್ತದೆ. ತಿರುಗಿ ಒಳಗೆ ಹೋದೆ.

"ಗೌರಮ್ಮ, ಇದು ವಿಟಮಿನ್ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ಕೋಳಿಗೆ ಹಾಕೋ ಆಂಟಿಬಯೋಟಿಕ್. ನಿನ್ ಬೆರಳು ಓದಾಗ್ಲೂ ನಂಗೆ ಗೊತ್ತಿತ್ತು."

ಅವಳು ತನ್ನ ಕೈ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ನೋಡಲಿಲ್ಲ. ಮಗಳು ಮಲಗಿದ್ದ ಕೋಣೆಯನ್ನೇ ನೋಡುತ್ತಿದ್ದಳು. "ಗಾಡಿ ತಿರುಗ್ಸು" ಎಂದಳು, ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎಲ್ಲವನ್ನೂ ಹೇಳಿ ಪೊಟ್ಟಣ ಕೊಟ್ಟೆ. ಅವರು ನನ್ನನ್ನು ಬಯ್ಯಲಿಲ್ಲ. ಬಯ್ಯಲು ಅವರಿಗೆ ಹೊತ್ತಿರಲಿಲ್ಲ. ಗಾಯದಿಂದ ಸ್ಯಾಂಪಲ್ ತೆಗೆಸಿ, ರಿಪೋರ್ಟ್ ಬರುವವರೆಗೆ ಬೇರೆ ಮನೆತನದ ಔಷಧಿ ಹಾಕುತ್ತೇವೆ ಎಂದರು. ಅದು ನಾಟುತ್ತದೆಯೇ ಎಂದು ಕೇಳಿದೆ. "ನೋಡೋಣ" ಎಂದರು. ಮಾರುಕಟ್ಟೆಯಲ್ಲಿ ಆ ಮಾತನ್ನು ನಾನೇ ಸಾವಿರ ಸಲ ಆಡಿದ್ದೇನೆ. ಅದರಲ್ಲಿ ಇಷ್ಟು ಭಯ ಇರಬಹುದೆಂದು ಗೊತ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಗೌರಮ್ಮ ಕುಳಿತಿದ್ದಳು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು. ಪಕ್ಕದಲ್ಲಿ ಕೂರಲು ಧೈರ್ಯವಾಗಲಿಲ್ಲ, ಕಂಬಕ್ಕೆ ಒರಗಿ ನಿಂತೆ. ಅವಳೇ ಕೇಳಿದಳು. "ಇನ್ಯಾರ್ಯಾರ್ಗೆ ಕೊಟ್ಟಿದ್ದೆ?"

ಹೇಳತೊಡಗಿದೆ. ಊರು, ಮನೆ, ಹೆಸರು. ಗಿರಾಕಿಯನ್ನು ಮರೆಯುವವನಲ್ಲ ನಾನು. ಹೇಳುತ್ತ ಹೋದಂತೆ ಅದು ಮುಗಿಯುತ್ತಲೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು.

"ನನ್ ಮುಂದೆ ಅಳ್ಬ್ಯಾಡ" ಎಂದಳು ಅವಳು. "ಓಗಿ ಅವ್ರಿಗೂ ಯೋಳು. ಅವ್ರ ಮನೇಲೂ ಮಕ್ಳವೆ."

ಹೋಗುತ್ತಿದ್ದೇನೆ. ಬೈರಾಪಟ್ಟಣದಲ್ಲಿ ಒಬ್ಬ, "ಬುಡಣ್ಣ, ನಮಗೇನೂ ಆಗಿಲ್ವಲ್ಲ" ಎಂದು ನಕ್ಕು ಪೊಟ್ಟಣ ಕೊಡಲಿಲ್ಲ. ಇನ್ನೊಂದು ಮನೆಯಲ್ಲಿ ಒಬ್ಬಾಕೆ ಕೊಟ್ಟು, ಬಾಗಿಲು ಹಾಕಿಕೊಂಡಳು. ಮತ್ತೊಬ್ಬರು, ಇದರ ಬದಲು ಏನು ಹಾಕುವುದು ಹೇಳು ಎಂದು ಕೇಳಿದರು. ನಾಲಗೆಯ ತುದಿಗೆ ಸಲಹೆ ಬಂತು. ರೇಷ್ಮೆ ಇಲಾಖೆಯವರನ್ನು ಕೇಳಿ ಎಂದಷ್ಟೇ ಹೇಳಿದೆ. ವಾಪಸು ಬಂದ ಪೊಟ್ಟಣಗಳನ್ನು ತಿಪ್ಪೆಗೆ, ಮೋರಿಗೆ ಎಸೆಯಬೇಡಿ, ಎಸೆದ ಕಡೆಯಲ್ಲೆಲ್ಲ ಅದು ಬ್ಯಾಕ್ಟೀರಿಯಾಗಳಿಗೆ ಮತ್ತೆ ಪಾಠ ಹೇಳುತ್ತದೆ ಎಂದಿದ್ದಾಳೆ ಸುಮಾ. ಅವಳ ಲ್ಯಾಬಿನ ಕಸ ಸುಡುವವರ ಗಾಡಿಗೇ ಕೊಡುತ್ತಿದ್ದೇನೆ. ಪುಡಿಯನ್ನು ಹಿಂದಕ್ಕೆ ತರಬಹುದು. ಅದರಿಂದ ಕಲಿತವು ಎಲ್ಲಿವೆಯೋ, ಯಾರ ಕೈಯಲ್ಲಿವೆಯೋ, ಅವನ್ನು ಕರೆದು ತರುವ ಬಾಯಿ ನನಗಿಲ್ಲ.

ರೂಪಳ ಜ್ವರ ಇಳಿದಿದೆ, ಗಾಯ ಇನ್ನೂ ಮುಚ್ಚಿಲ್ಲ ಎಂದು ಬೇರೆಯವರಿಂದ ತಿಳಿಯಿತು. ಗೌರಮ್ಮ ಈ ಸಲ ಹುಳುವಿಗೆ ನನ್ನ ಹತ್ತಿರ ಬಂದಿಲ್ಲ. ಬರುವುದೂ ಬೇಡ.

ಮಾಗಡಿ ಕಡೆಯ ಊರುಗಳು ಉಳಿದಿವೆ. ಅಲ್ಲಿ ಒಂದು ಮನೆಗೆ ಕೈತುಂಬ ಪೊಟ್ಟಣ ಕೊಟ್ಟಿದ್ದೆ. ಆ ಮನೆಯ ಸಣ್ಣ ಹುಡುಗಿ ಹುಳುವಿಗೆ ತಾನೇ ಪುಡಿ ಉದುರಿಸುತ್ತಾಳೆಂದು ಅವಳ ತಾತ ಹೆಮ್ಮೆಯಿಂದ ಹೇಳಿದ್ದು ನೆನಪಿದೆ. ಬೆಳಿಗ್ಗೆ ಮೊದಲು ಅಲ್ಲಿಗೆ ಹೋಗುತ್ತೇನೆ.